ನನ್ನನ್ನು ಒಬ್ಬಳೇ ಇರಲು ಬಿಡದ ಬ್ರೆಂಡಾ ಅವರಿಗೆ

ಮ್ಯಾಕಲ್ಸ್‌ಫೀಲ್ಡಿನ ಗೆಸ್ಟ್‌ಹೌಸಿನ ಯಜಮಾನಿ, ಶ್ರೀಮತಿ ಬ್ರೆಂಡಾ ಆಶ್ವರ್ತ್ ಅವರ ಸನ್ನಿಧಾನಕ್ಕೆ, ಮೈಸೂರಿನ ನಿವೃತ್ತ ಭೂಗೋಳದ ಮೇಡಂ ಜಲಜಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು, ತಮ್ಮ ಯಜಮಾನರಾದ ಕೀತ್ ಅವರು, ಹಾಗೂ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದಿರುವ ತಮ್ಮ ಅತ್ತೆ ಎಡ್ನಾ ಅವರು ಕ್ಷೇಮವೆಂದು ನಂಬಿದ್ದೇನೆ. ತಮಗೆ ಕನ್ನಡ ಬಾರದೆಂಬ ಒಂದೇ ಧೈರ್ಯದಿಂದ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮದುವೆಯಾದಂದಿನಿಂದ ನಾನು ಒಬ್ಬಳೇ ಕೂತು ಕಾಫಿ ಕುಡಿದವಳಲ್ಲ. ಮನೆ ತುಂಬ ಜನ. ಗೇಟು ದಾಟಿದರೆ ಎಲ್ಲಿಗೆ, ಮರಳಿದರೆ ಯಾಕೆ ತಡ ಎಂದು ಕೇಳಲು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಎರಡು ವಾರವಾದರೂ ಯಾರಿಗೂ ಉತ್ತರ ಕೊಡದೆ ಇರಬೇಕೆಂದು ಹಟ ಹಿಡಿದು ಹೊರಟಾಗ, ಇಂಗ್ಲಿಷರು ಪಕ್ಕದ ಮನೆಗೆ ಬೆಂಕಿ ಬಿದ್ದರೂ ಪರಿಚಯವಿಲ್ಲದೆ ಬಾಗಿಲು ತಟ್ಟುವವರಲ್ಲ ಎಂದು ಕೇಳಿದ್ದರಿಂದಲೇ ತಮ್ಮ ದೇಶವನ್ನು ಆರಿಸಿಕೊಂಡಿದ್ದೆ. ಅಂಥ ರಾಷ್ಟ್ರೀಯ ಕೀರ್ತಿಗೆ ತಾವೊಬ್ಬರೇ ಇಷ್ಟು ಧಕ್ಕೆ ತರಬಲ್ಲಿರೆಂದು ಎಣಿಸಿರಲಿಲ್ಲ.

ಮೊದಲ ಬೆಳಿಗ್ಗೆಯೇ ತಾವು ‘ಆಲ್ ರೈಟ್, ಲವ್?’ ಎಂದಿರಿ. ಅದು ಬರಿಯ ನಮಸ್ಕಾರವೆಂದು ತಿಳಿಯದೆ ನಾನು ಮಂಡಿನೋವು, ನಿದ್ದೆ, ಮಲಬದ್ಧತೆಗಳ ಪೂರ್ಣ ವಿವರ ಕೊಟ್ಟೆ. ತಾವು ಟೋಸ್ಟ್ ಆರುವವರೆಗೂ ಕೇಳಿಸಿಕೊಂಡು, ಸಂಜೆಗೆ ಹೊಟ್ಟೆ ಸಡಿಲವಾಗಲೆಂದು ಒಣ ಪ್ಲಮ್ ಹಣ್ಣು ಬೇಯಿಸಿಟ್ಟಿರಿ. ಅಂದಿನಿಂದ ನಾನು ಯಾವ ಬಸ್ಸು ಹತ್ತುತ್ತೇನೆ, ಕೋಟಿನೊಳಗೆ ಸ್ವೆಟರ್ ಇದೆಯೇ, ತಟ್ಟೆಯಲ್ಲಿ ಬೀನ್ಸ್ ಯಾಕೆ ಉಳಿಸಿದೆ ಎಂಬುದೆಲ್ಲ ತಮ್ಮ ಇಲಾಖೆಯಾಯಿತು. ಇಷ್ಟು ದಕ್ಷ ಆಡಳಿತವನ್ನು ನಾನು ನನ್ನ ಓರಗಿತ್ತಿಯರಲ್ಲೂ ಕಂಡಿಲ್ಲ.

ಇನ್ನು ಗುಡ್ಡದ ವಿಷಯ. ಒಂದು ಮಧ್ಯಾಹ್ನ ಊರಾಚೆಯ ಗುಡ್ಡ ಹತ್ತಿದವಳು, ಮಂಜು ಕವಿದು ದಾರಿ ಕಾಣದೆ ಒಂದು ಕಲ್ಲುಗೋಡೆಯ ಪಕ್ಕ ಕೂತೆ. ಫೋನ್ ಸತ್ತಿತ್ತು. ಭೂಗೋಳ ಕಲಿಸಿದವಳಿಗೆ ದಿಕ್ಕು ತಪ್ಪಿದ್ದು ನಾಚಿಕೆಯೇ. ಆದರೂ ಯಾರೂ ನನ್ನ ಹೆಸರು ಹಿಡಿದು ಕೂಗದ ಆ ಹೊತ್ತು ಪರಮ ಸುಖವಾಗಿತ್ತು. ಅಷ್ಟರಲ್ಲಿ ತಾವು ಅಟ್ಟಿದ ಕೀತ್ ಅವರು ಟಾರ್ಚ್ ಹಿಡಿದು ಬಂದು, ಅವರ ಬಾಯಿಂದ ನಾನು ಅದುವರೆಗೆ ಕೇಳಿದ ಅತಿ ದೀರ್ಘ ಭಾಷಣ ಮಾಡಿದರು: “ನೀವು ಬರೋವರೆಗೂ ಬ್ರೆಂಡಾ ಊಟಕ್ಕೆ ಕೂರಲ್ಲ.”

ಈ ಮಾತು ಕೇಳದಿರಲೆಂದೇ ನಾನು ಸಮುದ್ರ ದಾಟಿದ್ದೆ. ಕಾರಿನಲ್ಲಿ ಕೂತವಳೇ, ಗಂಡನ ಮುಂದೂ ಬಾಯಿಬಿಡದಿದ್ದನ್ನೆಲ್ಲ ಅಳುತ್ತ ಕನ್ನಡದಲ್ಲಿ ಕೂಗಾಡಿದೆ. ಒಂದು ಪದವೂ ತಿಳಿಯದ ಕೀತ್ ಅವರು ಗೇರು ಬದಲಿಸುತ್ತ ‘ಆಯ್, ಆಯ್’ ಎಂದು ಹೂಂಗುಟ್ಟಿದರು. ಅವರು ಏನೆಂದು ವರದಿ ಮಾಡಿದರೋ, ಮರುದಿನ ತಾವು ಏನೂ ಕೇಳಲಿಲ್ಲ. ತಿಂಡಿಯ ತಟ್ಟೆ ಬಾಗಿಲ ಹೊರಗಿತ್ತು. ಬಯಸಿದ್ದು ಪೂರ್ತಿ ಕೈಸೇರಿತೆಂದು ಮೆಟ್ಟಿಲ ಮೇಲೆ ಕೂತಿರುವಾಗ, ಕೆಳಗಿನಿಂದ ಎಡ್ನಾ ಅವರ ದನಿ ಬರುತ್ತಲೇ ಇತ್ತು: ಬ್ರೆಂಡಾ ಎಲ್ಲಿ, ಬ್ರೆಂಡಾ ಏನು ಮಾಡುತ್ತಿದ್ದಾಳೆ, ಬ್ರೆಂಡಾ ಯಾಕೆ ಬರಲಿಲ್ಲ. ತಾವು ಪ್ರತಿ ಸಲವೂ ಕೈ ಒರೆಸಿಕೊಳ್ಳುತ್ತ ಓಡುತ್ತಿದ್ದಿರಿ. ಅತ್ತೆ ಹಾಸಿಗೆ ಹಿಡಿದ ಮೇಲೆ ತಾವು ಅಡುಗೆಮನೆಯ ಕಿಟಕಿಗೆ ಕಾಣುವ ಆ ಗುಡ್ಡವನ್ನು ಹತ್ತಿಯೇ ಇಲ್ಲವೆಂದು ಕೀತ್ ಅವರಿಂದ ತಿಳಿಯಿತು.

ಆದ್ದರಿಂದ, ಅತಿಥಿಯ ಹಕ್ಕನ್ನು ಮೀರಿ, ಎಡ್ನಾ ಅವರ ಬಳಿ ನಾನಿರುತ್ತೇನೆಂದು ತಮ್ಮ ಕೋಟನ್ನು ತಮ್ಮ ಕೈಗಿತ್ತೆ. ಗೇಟಿನವರೆಗೆ ಹಿಂದೆ ನೋಡುತ್ತಲೇ ಹೋದಿರಿ, ಆಮೇಲೆ ನೋಡಲಿಲ್ಲ. ಕೆಸರು ಬೂಟು, ಕೆಂಪು ಮೂಗಿನೊಂದಿಗೆ ಮರಳಿದವರು, “ಯಾರ ಜೊತೆಗೂ ಒಂದು ಮಾತೂ ಆಡಲಿಲ್ಲ, ಜಲಜಾ,” ಎಂದಿರಿ, ಮದುವೆಮನೆಯಿಂದ ಬಂದವರ ಹಾಗೆ. ಎಲ್ಲಿಯವರೆಗೆ ಹೋಗಿದ್ದಿರೆಂದು ಕೇಳಲು ನಾಲಿಗೆ ತುರಿಸಿತು. ಕೇಳಲಿಲ್ಲ.

ಹೀಗೆ ನನ್ನ ರಜೆಯ ಮಿಕ್ಕ ಮಧ್ಯಾಹ್ನಗಳನ್ನೆಲ್ಲ ತಾವು ಗುಡ್ಡದ ಮೇಲೆ ಕಳೆದಿರಿ, ನಾನು ಎಡ್ನಾ ಅವರಿಗೆ ಚಹಾ ಕುಡಿಸುತ್ತ ಕಳೆದೆ. ಈ ನಷ್ಟಕ್ಕೆ ಪರಿಹಾರವಾಗಿ, ನನ್ನ ಪಾಲಿನ ಏಕಾಂತವನ್ನು ಮಂಜಿನ ಸಮೇತ ಪಾರ್ಸೆಲ್ ಮಾಡಬೇಕೆಂದೂ, ಕೀತ್ ಅವರನ್ನು ನಮ್ಮ ಮನೆಗೆ ಡೆಪ್ಯುಟೇಷನ್ ಮೇಲೆ ಕಳಿಸಿ ನಾನು ಕೂಗಾಡುವಾಗ ಪಕ್ಕದಲ್ಲಿ ಕೂರಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಒಬ್ಬಳೇ ಬಂದು ಒಬ್ಬಳೇ ಇರಲಾಗದ,
ತಮ್ಮ ವಿಶ್ವಾಸಿ,
ಜಲಜಾ

ತಾ.ಕ.: ಬರುವ ತಿಂಗಳು ಅತ್ತೆಯನ್ನು ಕೀತ್ ಅವರಿಗೆ ಒಪ್ಪಿಸಿ ತಾವೊಬ್ಬರೇ ವಿಟ್ಬಿಯ ಸಮುದ್ರತೀರಕ್ಕೆ ಹೊರಟಿರುವ ಸುದ್ದಿ ತಿಳಿದು ಬಹಳ ಸಂತೋಷವಾಯಿತು. ತಾವು ಇಳಿಯಲಿರುವ ಗೆಸ್ಟ್‌ಹೌಸಿನ ಯಜಮಾನಿಗೆ ಆಗಲೇ ಫೋನ್ ಮಾಡಿ, ತಾವು ತುಂಬ ಸಂಕೋಚದವರು, ಒಬ್ಬರೇ ಇದ್ದರೆ ಬೇಸರಪಟ್ಟುಕೊಳ್ಳುತ್ತೀರಿ ಎಂದು ತಿಳಿಸಿದ್ದೇನೆ. ಪಾಪ, ಒಳ್ಳೆಯ ಹೆಂಗಸು. ತಮ್ಮನ್ನು ಒಂದು ಗಳಿಗೆಯೂ ಬಿಟ್ಟಿರುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ.