ಒಂದು ‘ಟಣ್’ ಶಬ್ದದ ಬೆನ್ನು ಹತ್ತಿ

ಆಯ್ಕೆಗಳು ಹೆಚ್ಚಾದಷ್ಟೂ ಮನುಷ್ಯನ ನೆಮ್ಮದಿ ಕಡಿಮೆಯಾಗುತ್ತದೆ ಎಂಬ ಸತ್ಯವನ್ನು ನಾನು ಯಾವ ಗುರುವಿನಿಂದಲೂ ಕಲಿಯಲಿಲ್ಲ, ಒಂದು ಡಬ್ಬಿಯಿಂದ ಕಲಿತೆ. ರಾಯಚೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ದಿನವಿಡೀ ಜನರ ಕಣ್ಣಿಗೆ ಗಾಜು ಬದಲಿಸುತ್ತಾ, “ಇದರಾಗ ಚಲೋ ಕಾಣ್ತದೋ, ಇದರಾಗೋ?” ಎಂದು ಕೇಳುವ ಕಸುಬು. ಅರ್ಧ ಜನ “ಎರಡೂ ಒಂದ ಅದಾವ್ರಿ” ಎಂದು ಎದ್ದು ಹೋಗುತ್ತಾರೆ. ಮೊದಲೆಲ್ಲ ಅವರನ್ನು ಕಂಡರೆ ಮರುಕವಾಗುತ್ತಿತ್ತು. ಈಗ ಹೊಟ್ಟೆಕಿಚ್ಚಾಗುತ್ತದೆ, ಯಾಕೆಂದರೆ ಆ ಡಬ್ಬಿ ಮನೆಗೆ ಬಂದಾಗಿನಿಂದ ನನಗೆ ಯಾವ ಎರಡು ಶಬ್ದವೂ ಒಂದೇ ಅನ್ನಿಸಿಲ್ಲ.

ಡಬ್ಬಿಯ ಹೆಸರು ಆಂಪ್ ಮಾಡೆಲರ್. ಎಲೆಕ್ಟ್ರಿಕ್ ಗಿಟಾರಿನ ದನಿ ಹೊರಡಬೇಕಾದರೆ ಆಂಪ್ಲಿಫೈಯರ್ ಬೇಕು. ಜಗತ್ತಿನ ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ದನಿಯನ್ನೆಲ್ಲ ಅನುಕರಿಸುವ, ಊಟದ ಡಬ್ಬಿಯಷ್ಟೇ ಇರುವ ಪೆಟ್ಟಿಗೆ ಇದು. ನನಗೆ ಬೇಕಾಗಿದ್ದದ್ದು ಒಂದೇ ದನಿ. ಕರ್ಕಶವಿಲ್ಲದೆ ತಿಳಿಯಾಗಿರಬೇಕು, ಆದರೆ ಮೆತ್ತಗಿರಬಾರದು. ತಂತಿ ಮುಟ್ಟಿದರೆ ಹೊಸ ಹಿತ್ತಾಳೆ ಕೊಡಕ್ಕೆ ಬೆರಳು ಬಡಿದಂತೆ ‘ಟಣ್’ ಅನ್ನಬೇಕು. ಅದಕ್ಕಾಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಫ್ಯಾನಿನ ಸದ್ದು ಅಡ್ಡ ಬರುತ್ತದೆಂದು ಅದನ್ನೂ ಬಂದ್ ಮಾಡುತ್ತಿದ್ದೆ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡುವವನನ್ನು ಹೆಂಡತಿ ಹೇಗೆ ನೋಡುತ್ತಾಳೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಾಸ್ ಏರಿಸುವುದು, ಇಳಿಸುವುದು, ಒಂದಿಷ್ಟು ಪ್ರತಿಧ್ವನಿ, ಅದರ ಮೇಲೆ ಇನ್ನೊಂದು ಪ್ರತಿಧ್ವನಿ. “ಏನ್ರೀ, ಆಗಿಂದ ಒಂದ ತಂತಿ ಬಡಿಯಾಕತ್ತೀರಿ. ಹಾಡು ಯಾವಾಗ ಬರ್ತದ?” ಎಂದಳು ಗಿರಿಜಾ. “ಮೊದಲು ದನಿ ಬರ್ಲಿ, ಹಾಡು ತಾನ ಬರ್ತದ” ಎಂದೆ. ಅದೇ ನನ್ನ ಸಿದ್ಧಾಂತವಾಗಿತ್ತು.

ಅಷ್ಟರಲ್ಲಿ ಗಿರಿಜಾಳ ತಮ್ಮನ ಮದುವೆ ಗೊತ್ತಾಯಿತು. ದೇವದುರ್ಗದಲ್ಲಿ ಆರತಕ್ಷತೆ. ಮಾನ್ವಿಯಲ್ಲಿ ಹತ್ತಿ ವ್ಯಾಪಾರ ಮಾಡುವ ನನ್ನ ಮಾವ ಒಂದು ಕಾಲಕ್ಕೆ ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿದು ಹಾಡುತ್ತಿದ್ದವರು. ಈಗ ಕಿವಿ ಮಂದ. ಕಿವಿಗೆ ಯಂತ್ರ ಹಾಕಿಸೋಣವೆಂದರೆ, “ಬ್ಯಾಡ್ರಿ, ಬೇಕಾದಷ್ಟು ಕೇಳಸ್ತದ” ಎನ್ನುತ್ತಾರೆ. ನನ್ನ ಗಿಟಾರಿನ ಬಗ್ಗೆ ಅವರು ಯಾವತ್ತೂ ಒಂದು ಮಾತೂ ಆಡಿದವರಲ್ಲ. ಅಂಥವರು ಫೋನು ಮಾಡಿ, “ಅಳಿಯಂದ್ರ, ನಮ್ಮ ಮೇಳದ ಪದ ಒಂದು ಬಾರಸ್ರಿ, ಕೇಳೂನು” ಎಂದುಬಿಟ್ಟರು. ಮದುವೆಯ ದಿನದವರೆಗೂ ಗುಂಡಿ ತಿರುಗಿಸಿದೆ. ಕೊನೆಗೆ, ‘ಟಣ್’ ಹುಡುಕಹೊರಟವನಿಗೆ, ಇಯರ್‌ಫೋನಿನಲ್ಲಿ ಗರ್ಭಗುಡಿಯಿಂದ ಹೊರಟಂಥ ಒಂದು ಗಂಭೀರ ನಾದ ಸಿದ್ಧವಾಯಿತು. ನನ್ನ ಕಣ್ಣಲ್ಲೇ ನೀರು ಬಂತು.

ದೇವದುರ್ಗದ ಕಲ್ಯಾಣ ಮಂಟಪದಲ್ಲಿ, ಜನ ಸೇರುವ ಮೊದಲೇ ಡಬ್ಬಿಯನ್ನು ದೊಡ್ಡ ಸ್ಪೀಕರುಗಳಿಗೆ ಜೋಡಿಸಿ ಪರೀಕ್ಷೆಗೆ ನಿಂತೆ. ಮಾವ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಬಾರಿಸಿದೆ.

“ಯಾಕ್ರಿ ಅಳಿಯಂದ್ರ, ಚಾಲೂ ಮಾಡ್ರಿ!” ಎಂದರು.

“ಬಾರಸಾಕತ್ತೀನ್ರಿ ಮಾವಾರ!”

“ಹೌದೇನು? ನಾ ಹೊರಗ ಜನರೇಟರ್ ಹಚ್ಯಾರ ಅಂದ್ಕೊಂಡಿದ್ದೆ.”

ಅವರ ತಪ್ಪಲ್ಲ. ನನ್ನ ಗರ್ಭಗುಡಿಯ ನಾದ ಆ ಮಂಟಪದಲ್ಲಿ ಬರೀ ‘ಗುಂಯ್’ ಎಂದು ಗೋಡೆಯಿಂದ ಗೋಡೆಗೆ ಉರುಳುತ್ತಿತ್ತು. ಓಡಿ ಹೋಗೋಣವೆಂದರೆ ಬಾಗಿಲಲ್ಲಿ ಬೀಗರು ನಿಂತಿದ್ದಾರೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಿರಿಜಾ ವೇದಿಕೆ ಹತ್ತಿ ಬಂದಳು. “ನಮ್ಮಪ್ಪನ ಜೋಡಿ ನಾವು ಹೆಂಗ ಮಾತಾಡ್ತೀವಿ ನೋಡೀರಿಲ್ಲೋ? ಒದರಿದ್ರ ತಿಳಿಯಂಗಿಲ್ಲ, ಬಿಡಿಸಿ ಬಿಡಿಸಿ ಹೇಳ್ಬೇಕು. ಆ ಗುಂಯ್‌ಗುಡೋದೆಲ್ಲ ತಗೀರಿ ಮೊದಲ.”

ತೆಗೆದೆ. ಒಂದು ಪ್ರತಿಧ್ವನಿ ಹೋಯಿತು, ಇನ್ನೊಂದೂ ಹೋಯಿತು. ಕರುಳು ಕಿತ್ತು ಬಂದಂತಾಯಿತು. ಬಾಸ್ ಇಳಿಸಿದೆ, ದನಿಯನ್ನು ಒರಟಾಗಿಸುವ ಗೇನ್ ತಗ್ಗಿಸಿದೆ, ನಾನು ಯಾವಾಗಲೂ ಕತ್ತರಿಸುತ್ತಿದ್ದ ನಡುವಿನ ಸ್ವರಗಳನ್ನು ಏರಿಸಿದೆ. ಹೆಚ್ಚುಕಡಿಮೆಯಾಗುವ ಪೆಟ್ಟುಗಳನ್ನು ಸರಿದೂಗಿಸಲು ಒಂದಿಷ್ಟು ಕಂಪ್ರೆಸರ್ ಉಳಿಸಿದೆ. ಇಯರ್‌ಫೋನಿನಲ್ಲಿ ಕೇಳಿದರೆ ಬೋಳು ತಲೆಯಂತಿತ್ತು. ಕಣ್ಣು ಮುಚ್ಚಿ ತಂತಿ ಮೀಟಿದೆ. ಮಂಟಪದ ತುಂಬ ‘ಟಣ್!’ ಎಂದಿತು. ಮಾವನ ಕೈ ತಾನಾಗಿಯೇ ಮೇಲೆದ್ದಿತು. “ಹಾಂ!” ಎಂದರು.

ಆ ಸಂಜೆ ಅವರ ಪದ ಬಾರಿಸಿದೆ. ಜನ ಚಪ್ಪಾಳೆ ತಟ್ಟಿದರು, ಮದುಮಗ ಶಿಳ್ಳೆ ಹೊಡೆದ. ಮಾವ ಮಾತ್ರ ಮೊಣಕಾಲಿನ ಮೇಲೆ ಬೆರಳಾಡಿಸುತ್ತಾ, ಕದಲದೆ ಕೇಳಿದರು. ಇಳಿದು ಹೋಗಿ ಕಾಲಿಗೆರಗಿದೆ. ಮಾವ ನನ್ನ ಕೈ ಹಿಡಿದುಕೊಂಡರು.

“ಭಾಳ ಚಂದ ಕೇಳಸ್ತು. ಅಕ್ಷರ ಅಕ್ಷರ ಕೇಳಸ್ತು.”

ನಾನು ಉಬ್ಬಿ ನಿಂತೆ.

“ಎರಡನೇ ನುಡಿಯಾಗ ತಪ್ಪಿದ್ದು ಕೇಳಸ್ತು. ಮೂರನೇದು ಬಿಟ್ಟ ಬಿಟ್ರಿ, ಅದೂ ಕೇಳಸ್ತು. ಪಲ್ಲವಿಗೆ ತಿರುಗುವಾಗ ಗಡಿಬಿಡಿ ಮಾಡಿದ್ರಿ, ಅದೂ ಕೇಳಸ್ತು. ಆಯಿತವಾರ ಮಾನ್ವಿಗೆ ಬರ್ರಿ, ಪೇಟಿ ಹಿಡಕೊಂಡು ಕೂಡೂನು.”

ಗುಂಯ್‌ಗುಡುವಿಕೆ ಇಷ್ಟು ದಿನ ನನ್ನ ಮಾನವನ್ನು ಎಷ್ಟು ಅಕ್ಕರೆಯಿಂದ ಮುಚ್ಚಿಟ್ಟಿತ್ತೆಂದು ಆಗ ಅರ್ಥವಾಯಿತು. “ಅಪ್ಪ ಹಿಂಗ ಯಾರನ್ನೂ ಕರದಿಲ್ಲ, ಹೋಗ್ರಿ” ಎಂದು ಗಿರಿಜಾ ಗದರಿದ್ದರಿಂದ ಈಗ ಭಾನುವಾರವೆಂದರೆ ಮಾನ್ವಿ ಬಸ್ಸು. ಮಾವ ಪೇಟಿಯಲ್ಲಿ ಒಂದು ಸಾಲು ನುಡಿಸುತ್ತಾರೆ, ನಾನು ತಪ್ಪುತ್ತೇನೆ, ಅವರು ನಗುತ್ತಾರೆ, ಮತ್ತೆ ನುಡಿಸುತ್ತಾರೆ. ಆ ಡಬ್ಬಿಯಲ್ಲಿ ಲೆಕ್ಕವಿಲ್ಲದಷ್ಟು ಗುಂಡಿಗಳಿವೆ, ಸರಿಯಾಗಿ ಬಾರಿಸುವ ಗುಂಡಿ ಮಾತ್ರ ಇಲ್ಲ. ಇಲ್ಲದ್ದೇ ಒಳ್ಳೆಯದಾಯಿತು. ಇದ್ದಿದ್ದರೆ, ಅದನ್ನು ಎಷ್ಟಕ್ಕೆ ಇಡಬೇಕೆಂದು ತಿರುಗಿಸುತ್ತಾ ನಾನು ಇನ್ನೂ ಫ್ಯಾನ್ ಬಂದ್ ಮಾಡಿಕೊಂಡೇ ಕೂತಿರುತ್ತಿದ್ದೆ.