ಖಾಲಿ ಬಿಡಬಾರದ ಚಾಪೆ

ಟೈಲರಿಗೆ ವೈರಾಗ್ಯ ಹುಟ್ಟಿದ್ದು ಒಂದು ಪ್ಯಾಂಟಿನಿಂದ. ಮೇಲ್ಮಹಡಿಯ ನಿವೃತ್ತ ಡ್ರಿಲ್ ಮೇಷ್ಟ್ರಿಗೆ ಹೊಲಿದುಕೊಟ್ಟ ಪ್ಯಾಂಟಿನ ಬಲಗಾಲು ಗಿಡ್ಡವಾಗಿತ್ತು. ಮೇಷ್ಟ್ರು ಅದನ್ನೇ ತೊಟ್ಟು ಅಂಗಡಿಗೆ ಬಂದು, ಬೀದಿಯವರೆದುರು ಎಡ-ಬಲ, ಎಡ-ಬಲ ಎಂದು ನಡೆದು ತೋರಿಸಿದರು. ಜನ ಬಿದ್ದು ಬಿದ್ದು ನಕ್ಕರು. ಟೈಲರು ಕತ್ತರಿ ಕೆಳಗಿಟ್ಟು, "ಸಾಕಪ್ಪಾ ಈ ಸಂಸಾರ" ಎಂದವನೇ ನೆಟ್ಟಗೆ ಊರಾಚೆಯ ಆಶ್ರಮಕ್ಕೆ ಹೋದ.

ಅಲ್ಲಿನ ಗುರುಗಳು ಇಂಥ ದಿಢೀರ್ ವೈರಾಗ್ಯದವರನ್ನು ಬೇಕಾದಷ್ಟು ನೋಡಿದ್ದರು. ಎಲ್ಲರಿಗೂ ಕೊಡುವಂತೆ ಇವನಿಗೂ ಒಂದು ಚಾಪೆ ಕೊಟ್ಟರು.

"ನಾಳೆ ಬೆಳಗಿಂದ ಹೊತ್ತು ಮುಳುಗೋವರೆಗೂ ಮನೇಲೇ ಇದರ ಮೇಲೆ ಕೂತ್ಕೊ. ಮಾತಾಡ್ಬೇಡ. ಪ್ರಾರ್ಥನೆ ಮಾಡು, ದೇವರು ಕರೀತಿದಾನಾ ಅಂತ ಸಮಾಧಾನವಾಗಿ ಕೇಳಿಸ್ಕೊ. ಚಾಪೆ ಮಾತ್ರ ಖಾಲಿ ಬಿಡಬಾರ್ದು. ಏಳಲೇಬೇಕಾದ್ರೆ ಮನೆಯವರನ್ನ ಯಾರನ್ನಾದ್ರೂ ಕೂರಿಸಿ ಏಳು. ಸಂಜೆ ನಾನೇ ಬರ್ತೀನಿ."

ಸುದ್ದಿ ಕೇಳಿದ ಹೆಂಡತಿ ಅಳಲಿಲ್ಲ, ಕರೆಯಲಿಲ್ಲ. "ಹೋಗೋದಾದ್ರೆ ಗ್ಯಾಸ್ ಬುಕ್ ಮಾಡಿ ಹೋಗಿ" ಎಂದಳು, ಅಷ್ಟೇ. ಟೈಲರಿಗೆ ವೈರಾಗ್ಯ ಇನ್ನಷ್ಟು ಗಟ್ಟಿಯಾಯಿತು.

ಮರುದಿನ ನಡುಮನೆಯಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿದ. "ದೇವರೇ, ಬೇಗ ಕರಿ" ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಕೂಡಲೇ ಕರೆ ಬಂತು.

"ಮಗಾ, ನನ್ನ ಕನ್ನಡಕ ಎಲ್ಲೋ?"

ಅಮ್ಮ. ಟೈಲರು ಮಾತಾಡದೆ ಕೈಸನ್ನೆ ಮಾಡಿದ, ಬಾಯಿ ತೋರಿಸಿದ, ತಲೆ ಅಲ್ಲಾಡಿಸಿದ. ಕನ್ನಡಕವಿಲ್ಲದ ಅಮ್ಮನಿಗೆ ಮಗ ವಿಲವಿಲ ಒದ್ದಾಡುತ್ತಿರುವಂತೆ ಕಂಡಿತು. "ಅಯ್ಯೋ, ನನ್ನ ಮಗನ ಬಾಯಿ ಬಿದ್ದುಹೋಯ್ತು!"

ಡ್ರಿಲ್ ಮೇಷ್ಟ್ರು ದಡದಡ ಇಳಿದು ಬಂದರು. "ದವಡೆ ಹಿಡ್ಕೊಂಡಿದೆ ಅಷ್ಟೇ. ನನ್ನ ಶಾಲೇಲಿ ಇಂಥವು ಎಷ್ಟೋ ಬಿಡಿಸಿದೀನಿ" ಎಂದು ಅವನ ಗಲ್ಲ ಹಿಡಿದು ತಿರುವತೊಡಗಿದರು.

ಪ್ರಾಣ ಉಳಿದರೆ ತಾನೇ ಸನ್ಯಾಸ? ಗಲಾಟೆ ಕೇಳಿ ಅಡುಗೆಮನೆಯಿಂದ ಬಂದ ಹೆಂಡತಿಯ ಕೈ ಹಿಡಿದು ಟೈಲರು ಚಾಪೆಗೆ ಎಳೆದ.

"ಒಲೆ ಮೇಲೆ ಹಾಲಿದೆ ರೀ!"

"ನಾನು ನೋಡ್ಕೋತೀನಿ. ಐದು ನಿಮಿಷ ಕೂತ್ಕೊಳೇ ಮಾರಾಯ್ತಿ!"

ಅವಳು ಕೂತಳು. ಇವನು ಅಡುಗೆಮನೆಗೆ ಓಡುವಷ್ಟರಲ್ಲಿ ಹಾಲು ಉಕ್ಕಿ ನೆಲಕ್ಕಿಳಿದಿತ್ತು. ಒರೆಸುವಾಗ ಕುಕ್ಕರ್ ಕೂಗಿತು. ಕುಕ್ಕರ್ ಇಳಿಸುವ ಮೊದಲೇ ಅಮ್ಮ ಕೂಗಿದಳು. ಅಮ್ಮನಿಗೆ ಕನ್ನಡಕ ಹುಡುಕಿಕೊಟ್ಟು ತಿರುಗಿದರೆ ಮೇಷ್ಟ್ರು ಪ್ಯಾಂಟು ಹಿಡಿದು ನಿಂತಿದ್ದರು. "ಹೇಗೂ ಎದ್ದಿದೀಯಲ್ಲ, ಎಡಗಾಲನ್ನೂ ಸ್ವಲ್ಪ ಕತ್ತರಿಸಿ ಸರಿ ಮಾಡಿಬಿಡು." ಅನ್ನ ಸೀಯುವ ವಾಸನೆಯ ನಡುವೆ ಟೈಲರು ಎಡಗಾಲು ಕತ್ತರಿಸಿದ. ಈಗ ಎಡಗಾಲು ಗಿಡ್ಡವಾಯಿತು.

ಬೆವರು ಒರೆಸಿಕೊಳ್ಳುತ್ತ ಚಾಪೆಗೆ ಬಂದ. "ಏಳೇ, ಸಾಕು."

ಹೆಂಡತಿ ಕಣ್ಣು ತೆರೆಯಲಿಲ್ಲ. ಹಣೆಯ ಮೇಲಿನ ಗಂಟು ಬಿಚ್ಚಿ, ಮುಖ ತಿಳಿಯಾಗಿತ್ತು. ಇವಳನ್ನು ಹೀಗೆ ನೋಡಿಯೇ ಇಲ್ಲವಲ್ಲ ಎನಿಸಿ ಅವನಿಗೆ ಯಾಕೋ ಸಣ್ಣಗೆ ಭಯವಾಯಿತು. ಭುಜ ಮುಟ್ಟಿ ಅಲುಗಿಸಲು ಹೋದ.

"ಪ್ರಾರ್ಥನೆ ಮಾಡೋರನ್ನ ಎಬ್ಬಿಸ್ತಾರೇನೋ? ಪಾಪ ಸುತ್ಕೊಳುತ್ತೆ!" ಎಂದಳು ಅಮ್ಮ. "ಹೋಗು, ನಂಗೆ ಹಸಿವು."

ಸಂಜೆ ಗುರುಗಳು ಬಂದಾಗ ಟೈಲರು ಪಾತ್ರೆ ತಿಕ್ಕುತ್ತಿದ್ದ. ಸೋಪಿನ ಕೈಯಲ್ಲೇ ಓಡಿ ಬಂದು ಕಾಲಿಗೆ ಬಿದ್ದ. "ಕರ್ಕೊಂಡು ಹೋಗಿ ಗುರುಗಳೇ! ಇನ್ನೊಂದು ದಿನ ಈ ಮನೇಲಿದ್ರೆ ನಾನು ಉಳಿಯಲ್ಲ."

ಗುರುಗಳು ಚಾಪೆಯ ಕಡೆ ನೋಡಿದರು. "ನಿನಗೆ ಬೇಕಾಗಿರೋದು ಮನೆ ಬಿಡೋದು. ಈ ತಾಯಿಗೆ ಬೇಕಾಗಿದ್ದು ಕೂರೋದು. ನಮ್ಮಲ್ಲಿರೋದು ಕೂರೋ ಕೆಲಸ."

ಹೆಂಡತಿ ನಿಧಾನವಾಗಿ ಕಣ್ಣು ತೆರೆದಳು. "ದೇವರು ಕರೆದ್ನೋ ಇಲ್ವೋ ಇನ್ನೂ ಸರಿಯಾಗಿ ತಿಳೀಲಿಲ್ಲ, ಗುರುಗಳೇ. ಆದ್ರೆ ಮದುವೆಯಾದ ಮೇಲೆ ಇವತ್ತೇ ಮೊದಲು, ಯಾರು ಕರೆದ್ರೂ ನಾನು ಏಳ್ಲಿಲ್ಲ. ಆಶ್ರಮಕ್ಕೇ ಬಂದು ಇನ್ನೂ ಸ್ವಲ್ಪ ಕೂತು ನೋಡ್ತೀನಿ."

ಅವಳು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

"ವಾಪಸ್ ಯಾವಾಗ ಬರ್ತೀಯೇ?" ಟೈಲರು ಸೋಪಿನ ಕೈಯಲ್ಲೇ ಬಾಗಿಲವರೆಗೂ ಹಿಂದೆ ಬಂದ.

"ಅದನ್ನೂ ಕೂತೇ ಯೋಚಿಸ್ಬೇಕು. ಗ್ಯಾಸ್ ಇನ್ನೂ ಬುಕ್ ಮಾಡಿಲ್ಲ ನೀವು."

ಟೈಲರು ಬಾಗಿಲಲ್ಲೇ ನಿಂತು, ಇಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಮಹಡಿ ಮೆಟ್ಟಿಲಿನಿಂದ ಎಡ-ಬಲ, ಎಡ-ಬಲ ಸದ್ದು ಇಳಿದು ಬರುತ್ತಿತ್ತು.

ಒಳಗಿನಿಂದ ಅಮ್ಮ ಕರೆದಳು.

"ಬಂದೆ" ಎಂದ ಟೈಲರು.