ಹದಿನೈದನೇ ಪುಟದ ಮೀಸೆ

ನಮ್ಮ ಭಾವನನ್ನು ಮಾರಾಟದ ಮಾಲು ಎಂದುಕೊಂಡು ನೋಡಿದರೆ ಲೆಕ್ಕ ಹೀಗೆ: ಹೊರಮೈ ಮಾಸಿದೆ, ಮೂಲೆಗಳು ಸವೆದಿವೆ, ಬೆನ್ನು ಕೊಂಚ ಬಾಗಿದೆ, ಒಳಗಿನ ಯಂತ್ರ ಮಾತ್ರ ಗಟ್ಟಿ. ಒಬ್ಬರ ಕೈಯಲ್ಲೇ ಬಳಕೆಯಾದದ್ದು. (ಆ ಕೈ ನನ್ನ ಅಕ್ಕನದು. ಜೋಪಾನವಾಗಿ ಬಳಸಿದ್ದಾಳೆಂದು ನಾನು ಗ್ಯಾರಂಟಿ ಕೊಡಲಾರೆ.) ಚೌಕಾಸಿ ಬಾರದು, ಹೇಳಿದ್ದನ್ನು ನಂಬುತ್ತಾರೆ, ಕೊಂಡದ್ದನ್ನು ವಾಪಸ್ ತರುವುದಿಲ್ಲ. ಇಂಥ ಗಿರಾಕಿ ಸ್ವಂತ ಬಳಗದಲ್ಲೇ ಸಿಕ್ಕಿದ್ದು ಹಳೇ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಪುಣ್ಯ.

ಭಾವ ಗಡಿಯಾರ ರಿಪೇರಿಯವರು. ಗೂಡಿನಂಥ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂವತ್ತು ವರ್ಷ ಕೂತವರು. ಅಕ್ಕ ಅಷ್ಟೇ ವರ್ಷ ಶಾಲೆಯಲ್ಲಿ ಟೀಚರಾಗಿದ್ದು ಈಚೆಗೆ ನಿವೃತ್ತಳಾದವಳು. ನಿವೃತ್ತಿ ಶಾಲೆಯಿಂದ ಮಾತ್ರ, ಕೆಂಪು ಪೆನ್ನಿನಿಂದಲ್ಲ. ದಿನಸಿ ಪಟ್ಟಿ, ಬಂದ ಆಮಂತ್ರಣ ಪತ್ರ, ಭಾವ ಬರೆದಿಟ್ಟು ಹೋದ 'ಬೇಗ ಬರುತ್ತೇನೆ' ಎಂಬ ಚೀಟಿ, ಯಾವುದೂ ತಿದ್ದಿಸಿಕೊಳ್ಳದೆ ಪಾರಾಗುವುದಿಲ್ಲ. ಭಾವ ಇಷ್ಟು ವರ್ಷದಲ್ಲಿ ಮನೆಗೆ ತಂದ ಒಂದು ವಸ್ತುವೂ ಅವಳ ಹತ್ತಿರ ಪಾಸಾಗಿಲ್ಲ. ಸೋರುವ ಫ್ಲಾಸ್ಕು, ಎಡಚರ ಕತ್ತರಿ, ಕೂತರೆ ಮುನಿಸಿಕೊಳ್ಳುವ ಕುರ್ಚಿ... (ಮೂರೂ ನನ್ನ ಅಂಗಡಿಯವೇ, ಆ ಮಾತು ಬೇರೆ.)

ಹೀಗೆ ಅಕ್ಕನ ಅಂಕೆಯಲ್ಲೇ ಬಾಳಿದ ಮನುಷ್ಯನಿಗೆ ಒಮ್ಮೆಯಾದರೂ ಹೊರಗಿನವರ ಅಂಕ ಬೇಕೆನಿಸಿತು.

ಅವಕಾಶ ಬಂದದ್ದು ಒಂದು ಕಾಮಿಕ್ಸ್ ಪುಸ್ತಕದ ರೂಪದಲ್ಲಿ. ಎಂದೋ ನಿಂತುಹೋದ ಮಕ್ಕಳ ಚಿತ್ರಪತ್ರಿಕೆಯ ಮೊದಲನೇ ಸಂಚಿಕೆ. ಪತ್ತೇದಾರನೊಬ್ಬನ ಕಥೆ, ಮೂವತ್ತೆರಡು ಪುಟ, ಬೆನ್ನಿಗೆ ಎರಡು ಪಿನ್ನು. ಮಾರಿದವನು ನಾನೇ, ಮುಚ್ಚಿಡುವ ಅಭ್ಯಾಸ ನನಗಿಲ್ಲ. ಇಂಥ ಹಳೇ ಕಾಮಿಕ್ಸಿಗೆ ಗ್ರೇಡು ಕೊಡುವ ಕಂಪನಿಯಿದೆ ಎಂದು ಭಾವ ಎಲ್ಲೋ ಓದಿದ್ದರು. ಕಳಿಸಿದರೆ ಮೂಲೆ, ಬೆನ್ನು, ಪಿನ್ನು ಎಲ್ಲ ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ ವಾಪಸ್ ಕಳಿಸುತ್ತಾರೆ. ಆಮೇಲೆ ಡಬ್ಬಿ ತೆರೆದರೆ ಅಂಕವೂ ಹೋಯಿತು, ಮಾನವೂ ಹೋಯಿತು.

"ಒಂಬತ್ತಂತೂ ಬಂದೇ ಬರುತ್ತೆ ಕಣೇ," ಎಂದರು ಭಾವ, ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಭೂತಗನ್ನಡಿ ಏರಿಸಿ. "ಪಿನ್ನಿಗೆ ತುಕ್ಕಿಲ್ಲ, ಮೂಲೆ ಮಡಚಿಲ್ಲ."

"ಕಥೆ ಹೇಗಿದೆ?" ಅಕ್ಕ ಕೇಳಿದಳು.

"ಅದು ನನಗೇನು ಗೊತ್ತು? ಪೂರ್ತಿ ಬಿಡಿಸಿದರೆ ಬೆನ್ನಿನ ಮೇಲೆ ಗೀಟು ಬೀಳುತ್ತೆ. ಅರ್ಧ ಅಂಕ ಹೋಗುತ್ತೆ."

"ಅಂದ್ರೆ ನೀವು ಓದಿಲ್ಲ."

"ಓದೋಕೆ ಕೊಂಡಿಲ್ಲ."

"ರೀ, ಉತ್ತರ ಪತ್ರಿಕೆ ಓದದೆ ಮಾರ್ಕ್ಸ್ ಹಾಕಿದವರಿಗೆ ನಾನು ಸ್ಟಾಫ್ ರೂಮಲ್ಲೇ ನೀರಿಳಿಸಿದ್ದೀನಿ. ಓದದೇ ಇರೋ ಪುಸ್ತಕ ಈ ಮನೆ ಹೊಸಿಲು ದಾಟಲ್ಲ. ಬರೆದುಕೊಳ್ಳಿ."

ಪಂಚಾಯಿತಿಗೆ ನನ್ನನ್ನು ಕರೆಸಿದರು. ನಾನು ಹಿರಿಯ ನ್ಯಾಯಾಧೀಶನ ಮುಖ ಮಾಡಿಕೊಂಡು ತೀರ್ಪು ಕೊಟ್ಟೆ: "ಕಳಿಸೋದೂ ಬೇಡ, ಓದೋದೂ ಬೇಡ. ಬೀರುವಿನಲ್ಲಿಟ್ಟು ಬೀಗ ಹಾಕಿ. ಗಾಳಿ ಬೆಳಕು ತಾಗಿದಷ್ಟೂ ಕಾಗದ ಸೊರಗುತ್ತೆ."

"ನೀನು ಯಾರ ಕಡೆ ಕಣೋ?" ಅಕ್ಕ ಹುಬ್ಬು ಗಂಟಿಕ್ಕಿದಳು.

"ನಾನು ಪುಸ್ತಕದ ಕಡೆ."

ಭಾವ ಯಾರ ಕಡೆಯೂ ಕಿವಿಗೊಡಲಿಲ್ಲ. ಮರುದಿನ ಬೆಳಿಗ್ಗೆ ಎರಡು ರಟ್ಟು ಕತ್ತರಿಸಿ (ಎಡಚರ ಕತ್ತರಿಯಲ್ಲಿ!), ನಡುವೆ ಪುಸ್ತಕವಿಟ್ಟು, ದಾರ ಸುತ್ತಿ, ವಿಳಾಸ ಬರೆದು ಎದ್ದು ನಿಂತರು. "ಮೂವತ್ತು ವರ್ಷ ನಿನ್ನ ಹತ್ರ ಫೇಲಾಗಿದ್ದು ಸಾಕು. ಈ ಸಲ ಬೇರೆಯವರು ತಿದ್ದಲಿ. ಸ್ನಾನ ಮಾಡಿ ಬಂದು ಹೊರಟೆ."

ದಂಗೆ ಏಳುವವರು ಸ್ನಾನಕ್ಕೆ ಹೋಗಬಾರದು. ಭಾವ ತಲೆ ಒರೆಸಿಕೊಳ್ಳುತ್ತ ಬಂದಾಗ ದಾರ ಒಂದು ಕಡೆ, ರಟ್ಟು ಒಂದು ಕಡೆ. ಪುಸ್ತಕ ಪೂರ್ತಿ ಬಿಡಿಸಿಕೊಂಡು ಬೋರಲಾಗಿ ಬಿದ್ದಿದೆ, ಅಕ್ಕನ ಮೊಣಕೈ ಅದರ ಬೆನ್ನಿನ ಮೇಲೆ. ಮುಖಪುಟದ ಬಲಮೂಲೆಯಲ್ಲಿ, ಕೆಂಪು ಶಾಯಿಯಲ್ಲಿ, ವೃತ್ತ ಎಳೆದು, ಕೆಳಗೆ ರುಜು ಸಮೇತ: ೨೮/೩೨.

ಆ ಮನೆಯಲ್ಲಿ ಭಾವನ ದನಿ ಮೊದಲ ಬಾರಿಗೆ ಬೀದಿಗೆ ಕೇಳಿಸಿತು. "ಏನು ಮಾಡಿಬಿಟ್ಟೆ!"

"ತಿದ್ದಿದೆ."

"ಮುಖಪುಟದ ಮೇಲೆ! ಪೆನ್ನಲ್ಲಿ!"

"ಪೆನ್ಸಿಲಲ್ಲಿ ಹಾಕಿದರೆ ಅಳಿಸಿ ಹೆಚ್ಚು ಬರಕೋತಾರೆ."

ಭಾವ ಕುರ್ಚಿಯಲ್ಲಿ ಕುಸಿದರು. ಕುರ್ಚಿಯೂ ಅವರ ಜೊತೆ ಒಂದು ಕಡೆಗೆ ಕುಸಿಯಿತು. ಆದರೂ ಮೂವತ್ತು ವರ್ಷದ ಅಭ್ಯಾಸ ನೋಡಿ, ಬಾಯಿಂದ ಮೊದಲು ಬಂದ ಪ್ರಶ್ನೆ: "ನಾಲ್ಕು ಅಂಕ ಯಾಕೆ ಕಳೆದೆ?"

"ಹದಿನಾಲ್ಕನೇ ಪುಟದಲ್ಲಿ ಪತ್ತೇದಾರ ಬಾವಿಗೆ ಬಿದ್ದ. ಹದಿನೈದರಲ್ಲಿ ವಿಮಾನದಲ್ಲಿ ಕೂತಿದ್ದಾನೆ, ಮೀಸೆ ಬೇರೆ ಬಂದಿದೆ! ಹತ್ತೊಂಬತ್ತಕ್ಕೆ ಬಂದರೆ ಒದ್ದೆ ಬಟ್ಟೇಲಿ ಕಳ್ಳನ ಹಿಂದೆ ಓಡ್ತಿದ್ದಾನೆ, ಮೀಸೆ ಮಾಯ. ನಡುವಿನ ನಾಲ್ಕು ಪುಟ ಈ ಪುಸ್ತಕದ್ದಲ್ಲ ರೀ. ಪಕ್ಕದವನ ಹಾಳೆ ಎಳೆದುಕೊಂಡು ಕಾಪಿ ಹೊಡೆದಿದ್ದಾರೆ. ಇಂಥದ್ದು ಎಷ್ಟು ಹಿಡಿದಿಲ್ಲ ನಾನು!"

ಭಾವ ಭೂತಗನ್ನಡಿ ಏರಿಸಿದರು. ಹೊರಗಿನಿಂದ ನೂರು ಸಲ ನೋಡಿದ್ದ ಪಿನ್ನನ್ನು ಮೊದಲ ಬಾರಿ ಒಳಗಿನಿಂದ ನೋಡಿದರು. ನಡುವಿನ ಹಾಳೆಯಲ್ಲಿ ಮಾತ್ರ, ಪಿನ್ನಿನ ಪಕ್ಕದಲ್ಲೇ, ಇನ್ನೊಂದು ಪಿನ್ನಿನ ಖಾಲಿ ತೂತುಗಳು.

ಅರ್ಧ ಗಂಟೆಯಲ್ಲಿ ಇಬ್ಬರೂ ನನ್ನ ಅಂಗಡಿಯಲ್ಲಿದ್ದರು. ಅಕ್ಕ ಹದಿನೈದನೇ ಪುಟ ಬಿಡಿಸಿ ನನ್ನ ಮೂಗಿನ ಕೆಳಗೆ ಹಿಡಿದಳು.

ನಾನೇನು ಮಾಡಲಿ? ನನ್ನ ಹತ್ತಿರ ನಡುವಿಲ್ಲದ ಮೊದಲನೇ ಸಂಚಿಕೆಯೊಂದಿತ್ತು. ನಡು ಬಿಟ್ಟರೆ ಬೇರೇನೂ ಇಲ್ಲದ ಮೂರನೇ ಸಂಚಿಕೆಯೊಂದಿತ್ತು. ಪುಟಸಂಖ್ಯೆ ಹೊಂದಿತು, ಕಾಗದದ ಬಣ್ಣ ಹೊಂದಿತು, ಇಬ್ಬರು ಅನಾಥರಿಗೆ ಮದುವೆ ಮಾಡಿಸಿದೆ. ಹಳೇ ಕಾಮಿಕ್ಸನ್ನು ಕೊಳ್ಳುವವರುಂಟು, ಕಾಪಾಡುವವರುಂಟು. ಕೂತು ಓದುವವರೂ ಇರುತ್ತಾರೆಂದು ಯಾವ ವ್ಯಾಪಾರಿ ತಾನೇ ಎಣಿಸುತ್ತಾನೆ?

"ನೋಡೋ," ಎಂದಳು ಅಕ್ಕ, ಇಡೀ ಬೀದಿ ಕೇಳುವ ಕ್ಲಾಸ್ ರೂಮಿನ ದನಿಯಲ್ಲಿ. "ನಿನ್ನ ಭಾವ ಕೊಂಡಿದ್ದು ಸರಿ ಇದೆ. ನೀನು ಮಾರಿದ್ದು ತಪ್ಪು."

ಭಾವ ಅವಳನ್ನೇ ನೋಡಿದರು. "ಇನ್ನೊಂದು ಸಲ ಹೇಳು."

"ಯಾಕೆ, ಬೋರ್ಡ್ ಮೇಲೆ ಬರೀಬೇಕಾ?"

ನಾನು ತಲೆ ತಗ್ಗಿಸಿ, ಈ ಅಂಗಡಿಯ ಇತಿಹಾಸದಲ್ಲೇ ಕೇಳದ ಮಾತೊಂದನ್ನು ಆಡಿದೆ: "ಕೊಡಿ ಭಾವ, ವಾಪಸ್ ತಗೋತೀನಿ."

"ಕೊಡಲ್ಲ ಹೋಗೋ!" ಭಾವ ಪುಸ್ತಕವನ್ನು ಎದೆಗವಚಿಕೊಂಡರು. "ಇವಳ ಕೈಯಿಂದ ಮೂವತ್ತೆರಡಕ್ಕೆ ಇಪ್ಪತ್ತೆಂಟು! ಯಾವ ಕಂಪನಿ ಕೊಡುತ್ತೆ ಇಂಥ ಗ್ರೇಡು? ಯಾರಿಗೂ ಕಳಿಸಲ್ಲ, ಯಾವ ಡಬ್ಬೀಲೂ ಹಾಕಲ್ಲ." ಅಷ್ಟು ಹೇಳಿ, ಪುಸ್ತಕವನ್ನು ಬೆನ್ನು ಮುರಿಯುವ ಹಾಗೆ ಹಿಂದಕ್ಕೆ ಮಡಚಿ, ಒಂದನೇ ಪುಟದಿಂದ ಓದುತ್ತಲೇ ಬೀದಿಗಿಳಿದರು.

ಅಕ್ಕ ಮೆಟ್ಟಿಲ ಬಳಿ ತಿರುಗಿ ನಿಂತಳು. "ಆ ಮನುಷ್ಯ ಬಾವಿಯಿಂದ ಹೇಗೆ ಹತ್ತಿದ ಅಂತ ಇವರು ನನ್ನ ಕೇಳೇ ಕೇಳ್ತಾರೆ. ನನಗೂ ಗೊತ್ತಾಗ್ಬೇಕು. ಎಲ್ಲಿಂದಾದ್ರೂ ಹುಡುಕಿ ತಾ."

ಅಂದಿನಿಂದ ರದ್ದಿ ಮೂಟೆಗಳನ್ನು ಬಿಚ್ಚಿ ಬಿಚ್ಚಿ ಕೆಮ್ಮುತ್ತಿದ್ದೇನೆ. ಅವಳ ಕೈಗೆ ಗ್ಯಾರಂಟಿ ಕೊಡಲಾರೆ ಎಂದದ್ದಕ್ಕೆ ಅಕ್ಕನ ಹತ್ತಿರ ನಾನು ಒಂದು ಕ್ಷಮೆ ಕೇಳಬೇಕಿದೆ. ಭಾವನಿಗೆ ಹದಿನೈದರಿಂದ ಹದಿನೆಂಟರವರೆಗೆ ನಾಲ್ಕು ಪುಟ ಕೊಡಬೇಕಿದೆ.